ಹೂಂ ಅಂದದ್ದು ನಾನಲ್ಲ ಮೇಡಂ

ನಗಬಾರದ ಕಡೆಯಲ್ಲೇ ನಗು ಬರುವುದು ನನ್ನ ಹಣೆಬರಹ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ನಕ್ಕು ಹೊರಗೆ ನಿಂತವಳು ನಾನು. ದೇವರು ಅದನ್ನು ನೆನಪಿಟ್ಟುಕೊಂಡಿದ್ದನೋ ಏನೋ, ದೊಡ್ಡವಳಾದ ಮೇಲೆ ನಗಲೇಬಾರದಂಥ ಕೆಲಸಕ್ಕೇ ಹಚ್ಚಿದ. ಅದಾದ ಮೇಲೆ ವಾರಕ್ಕೊಂದಾದರೂ ಇಂಥ ಪ್ರಸಂಗ ನಡೆಯದೆ ಬಿಟ್ಟಿಲ್ಲ.

ಕೆಲಸ ಏನೆಂದರೆ, ಕೆಲವು ಮಕ್ಕಳಿಗೆ ಬೇಡವೆಂದರೂ ಕಣ್ಣು ಪಟಪಟ ಬಡಿಯುತ್ತದೆ, ಭುಜ ಎಗರುತ್ತದೆ, ಗಂಟಲಿನಿಂದ ಏನೋ ಒಂದು ಶಬ್ದ ಹೊರಡುತ್ತದೆ. ಇದಕ್ಕೆ ಟಿಕ್ ಅನ್ನುತ್ತಾರೆ. ಮಗು ಬೇಕಂತ ಮಾಡುವುದಲ್ಲ, ಬೈದರೆ ಹೋಗುವುದಲ್ಲ, ಹೊಡೆದರಂತೂ ಇನ್ನೂ ಹೆಚ್ಚಾಗುತ್ತದೆ. ಅದು ಬರುವ ಮುಂಚೆ ಮೈಯಲ್ಲಿ ಒಂಥರಾ ಆಗುವುದನ್ನು ಗುರುತಿಸುವುದು, ಆಗ ಅದಕ್ಕೆ ಅಡ್ಡವಾಗುವಂಥ ಬೇರೆ ಏನನ್ನಾದರೂ ಮಾಡುವುದು, ಇದನ್ನು ಮಕ್ಕಳಿಗೆ ಕಲಿಸುವವಳು ನಾನು. ಔಷಧಿ ಕೊಡುವ ಡಾಕ್ಟರಲ್ಲ. ಹಿಂದೂಪುರದಲ್ಲಿ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆ, ಒಂದು ಮೇಜು, ಒಂದು ಲ್ಯಾಪ್‌ಟಾಪ್. ಮಕ್ಕಳು ಅವರವರ ಊರಲ್ಲಿ, ನಾನು ನನ್ನ ಕುರ್ಚಿಯಲ್ಲಿ. ಎಲ್ಲಾ ವಿಡಿಯೋ ಕಾಲಿನಲ್ಲೇ.

ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಕಲ್ಯಾಣದುರ್ಗದ ಒಬ್ಬ ಹುಡುಗಿಯದು. ಬರೆಯಲಾ ಎಂದು ಅವಳನ್ನೂ ಅವಳ ಅಮ್ಮನನ್ನೂ ಕೇಳಿದೆ. ಅಮ್ಮ ಹೆಸರು ಹಾಕಬೇಡಿ ಅಂದರು. ಹುಡುಗಿ ಮಾತ್ರ, "ಹಾಕಿದ್ರೂ ಪರವಾಗಿಲ್ಲ ಮೇಡಂ, ಆದ್ರೆ ನಂಗೆ ಹನ್ನೆರಡು ಅಂತ ಬರೀರಿ, ಹನ್ನೊಂದು ಅಂತ ಬರೀಬ್ಯಾಡಿ" ಅಂದಳು. ಹನ್ನೆರಡು ವರ್ಷ.

ಟಿಕ್ ಕೋಚಿಂಗ್

ನನ್ನ ಮನೆ ಮಾಲೀಕರು ಹುಣಸೆಹಣ್ಣಿನ ಮಂಡಿ ಇಟ್ಟಿದ್ದವರು. ಈಗ ಮಂಡಿಯನ್ನು ಮಗನಿಗೆ ಬಿಟ್ಟು, ಕೆಳಗಿನ ಜಗುಲಿಯಲ್ಲಿ ಕೂತು ಬೀದಿಯನ್ನು ನೋಡಿಕೊಳ್ಳುತ್ತಾರೆ. ಮಹಡಿಗೆ ಯಾರೂ ಹತ್ತಿ ಬರುವುದಿಲ್ಲ, ಆದರೂ ನಾನು ದಿನವಿಡೀ ಮಾತಾಡುತ್ತಿರುತ್ತೇನೆ. ಅವರಿಗೆ ಇದು ಮೊದಲಿನಿಂದ ಅನುಮಾನ. ಒಂದು ದಿನ ಕೇಳಿಯೇಬಿಟ್ಟರು.

"ಅಲ್ಲ ಮೇಡಂ, ಮೇಲೆ ನೀವು ಮಾಡೋದೇನು?"

"ಮಕ್ಕಳ ಟಿಕ್‌ಗೆ ಆನ್‌ಲೈನಲ್ಲಿ ಹೇಳಿಕೊಡ್ತೀನಿ ಸಾರ್."

"ಓಹೋ" ಅಂದರು. ಆ ಓಹೋ ಕೇಳಿದಾಗಲೇ ನಾನು ಎಚ್ಚರವಾಗಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ತಮ್ಮ ಅಳಿಯನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಮೂವತ್ತು ದಾಟಿದ ಗಂಡಸು, ಕಂಕುಳಲ್ಲಿ ದಪ್ಪನೆಯ ಗೈಡು, ಜೇಬಿನಲ್ಲಿ ನಾಲ್ಕು ಪೆನ್ನು.

"ಮೇಡಂ, ಇವನು ಸರ್ಕಾರಿ ಕೆಲಸದ ಪರೀಕ್ಷೆಗೆ ಮೂರು ಸಲ ಕುಂತವ್ನೆ. ಓದೋದೆಲ್ಲಾ ಓದ್ತಾನೆ. ಟಿಕ್ ಹಾಕೋದ್ರಲ್ಲೇ ತಪ್ಪಿಹೋಯ್ತದೆ. ನಾಲ್ಕು ಉತ್ತರ ಕೊಟ್ಟವ್ರೆ ಅಂದ್ರೆ ಇವನು ಸರಿ ಇರೋದ್ನ ಬಿಟ್ಟು ತಪ್ಪಿಗೇ ಹಾಕ್ತಾನೆ. ಮಕ್ಕಳಿಗೇ ಹೇಳ್ಕೊಡ್ತೀರಿ, ಇವನಿಗೂ ಒಸಿ ಹೇಳ್ಕೊಡಿ."

ನಾನು ಅರ್ಧ ಗಂಟೆ ಕೂಡಿಸಿ ವಿವರಿಸಿದೆ. ಕಣ್ಣು ಬಡಿಯುವುದು, ಭುಜ ಎಗರುವುದು, ಅದನ್ನು ಮಕ್ಕಳು ತಾವೇ ಸಂಭಾಳಿಸುವುದು, ಎಲ್ಲಾ. ಇಬ್ಬರೂ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ. ಕೆಳಗಿಳಿದು ಹೋದ ಮೇಲೆ ಅವರು ಹೆಂಡತಿಗೆ ಹೇಳುವುದು ಕಿಟಕಿಯಿಂದ ಕೇಳಿಸಿತು.

"ಆಗಲ್ಲಂತೆ ಕಣೇ. ಈಯಮ್ಮ ಟಿಕ್ ಬಿಡಿಸೋದು ಮಾತ್ರ ಹೇಳ್ಕೊಡ್ತಾಳಂತೆ, ಹಾಕೋದು ಗೊತ್ತಿಲ್ಲಂತೆ."

ಎಲ್ಲದಕ್ಕೂ ಒಂದೇ ಉತ್ತರ

ಕಲ್ಯಾಣದುರ್ಗದ ಹುಡುಗಿಯನ್ನು ನನ್ನ ಬಳಿ ಕಳಿಸಿದವರು ಅನಂತಪುರದ ಒಬ್ಬ ಡಾಕ್ಟರು. ಚೀಟಿಯಲ್ಲಿ "ಗಂಟಲಿನ ಶಬ್ದ" ಎಂದಷ್ಟೇ ಇತ್ತು. ಎಂಥ ಶಬ್ದ ಎಂದು ಅವರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಬಂದು ಹೋಗುವುದೆಂದರೆ ಒಂದು ದಿನ ಪೂರ್ತಿ ಬೇಕು, ಅದಕ್ಕೆ ವಿಡಿಯೋದಲ್ಲೇ ಶುರು ಮಾಡಿದೆವು. ಅವಳ ಅಮ್ಮ ಮನೆಯಲ್ಲೇ ಹೊಲಿಗೆ ಮಾಡುವವರು. ಫೋನನ್ನು ಹೊಲಿಗೆ ಮಿಷನ್ನಿಗೆ ಆನಿಸಿಟ್ಟು ಮಗಳನ್ನು ಕೂಡಿಸಿದರು. ಅಷ್ಟರಲ್ಲಿ ಯಾರೋ ರವಿಕೆ ಕೇಳಿಕೊಂಡು ಬಂದರು, ಅವರು ಎದ್ದು ಹೋದರು.

ಎರಡು ಜಡೆ, ಚೂಪು ಕಣ್ಣು, ಮೊಣಕೈ ತುಂಬಾ ತರಚಿದ ಗಾಯ. ಮೊದಲ ದಿನ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದೆ.

"ನಿನ್ನ ಇಷ್ಟದಿಂದಲೇ ಮಾತಾಡೋಕೆ ಕೂತಿದ್ದೀಯಾ ಪುಟ್ಟ?"

"ಹೂಂ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಹೂಂ."

ನನಗೆ ಸಂಕಟವಾಯಿತು. ಪಾಪದ ಮಗು, ಎರಡನ್ನೂ ಹೇಳುತ್ತಿದೆ, ಯಾರಿಗೋ ಹೆದರಿದೆ ಎಂದು ಬರೆದುಕೊಂಡೆ.

"ತಲೆಗೆ ಯಾವಾಗಾದ್ರೂ ಪೆಟ್ಟು ಬಿದ್ದಿತ್ತಾ?"

"ಹೂಂ."

"ಆಸ್ಪತ್ರೆಗೆ ಸೇರಿಸಿದ್ರಾ?"

"ಹೂಂ."

"ಶಾಲೆಯಲ್ಲಿ ಹೊಡೀತಾರಾ?"

"ಹೂಂ."

ನನ್ನ ಮುಖ ಗಂಭೀರವಾಗುತ್ತಾ ಹೋಯಿತು, ಕೈ ಓಡುತ್ತಾ ಹೋಯಿತು. ಒಂದು ಪುಟ ತುಂಬಿತು. ಹುಡುಗಿ ಅಷ್ಟು ಹೊತ್ತೂ ತಾಳ್ಮೆಯಿಂದ ನೋಡುತ್ತಿದ್ದಳು. ನಾನು ಪುಟ ತಿರುಗಿಸಿದಾಗ ಮೊದಲ ಸಲ ಬಾಯಿ ಬಿಟ್ಟಳು.

"ಎಲ್ಲಾ ಬರ್ಕಂಡ್ರಾ ಮೇಡಂ? ಈಗ ಅದನ್ನ ಹೊಡೆದಾಕಿ. ಹೂಂ ಅಂದದ್ದು ನಾನಲ್ಲ ಮೇಡಂ. ಅದು."

"ಅದು" ಅಂದರೆ ಟಿಕ್. ಅವಳ ಗಂಟಲಿನಿಂದ ತಾನೇ ತಾನಾಗಿ ಹೊರಡುವ ಶಬ್ದವೇ "ಹೂಂ". ಬೇರೆ ಮಕ್ಕಳಿಗೆ ಕೆಮ್ಮು ಬರುತ್ತದೆ, ಸೊರಸೊರ ಬರುತ್ತದೆ, ಇವಳಿಗೆ ಒಪ್ಪಿಗೆ ಬರುತ್ತದೆ. ಕನ್ನಡದಲ್ಲೂ ಹೂಂ ಅಂದರೆ ಹೌದು, ತೆಲುಗಿನಲ್ಲೂ ಊಂ ಅಂದರೆ ಹೌದು. ಎರಡು ಭಾಷೆಯ ಊರಿನಲ್ಲಿ ಹುಟ್ಟಿದರೂ ಮಗುವಿಗೆ ಅದರಿಂದ ಬಿಡುಗಡೆಯಿಲ್ಲ.

ನಗು ಬಂತು ನಿಜ. ಆದರೆ ಅವಳು ಮುಂದೆ ಹೇಳಿದ್ದು ಕೇಳಿ ನಗು ಅರ್ಧಕ್ಕೆ ನಿಂತಿತು. ಶಾಲೆಯಲ್ಲಿ ಕಿಟಕಿ ಗಾಜು ಒಡೆದವರು ಯಾರು, ನೀನಾ ಎಂದು ಕೇಳಿದಾಗ ಹೂಂ ಬಂದಿದೆ. ಪಕ್ಕದವಳ ಡಬ್ಬಿ ತಿಂದವಳು ನೀನಾ ಅಂದಾಗ ಬಂದಿದೆ. ಆಮೇಲೆ ಇವಳು ಇಲ್ಲ ಇಲ್ಲ ಅಂದರೆ, "ಈಗ ತಾನೇ ಹೂಂ ಅಂದೆ, ಸುಳ್ಳಿ" ಎಂದು ಹೆಸರು. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಇವಳು ಕಬಡ್ಡಿ ಆಡುವವಳು. ಶಾಲೆಯಲ್ಲಿ ಇವಳಷ್ಟು ಚುರುಕು ಕಾಲು ಯಾರಿಗೂ ಇಲ್ಲ. ಆದರೆ ಎದುರಾಳಿ ಅಂಗಳಕ್ಕೆ ನುಗ್ಗಿದವರು ಉಸಿರು ಕಡಿಯದೆ ಕಬಡ್ಡಿ ಕಬಡ್ಡಿ ಅನ್ನುತ್ತಿರಬೇಕಲ್ಲ. ಇವಳದು "ಕಬಡ್ಡಿ ಕಬಡ್ಡಿ ಹೂಂ ಕಬಡ್ಡಿ". ಸೀಟಿ, ಔಟು.

"ಹಿಂದೂಪುರದಲ್ಲಿ ಮ್ಯಾಚ್ ಐತೆ ಮೇಡಂ, ಬ್ಯಾರೆ ಬ್ಯಾರೆ ಊರ ಸ್ಕೂಲಿಂದ ಬತ್ತಾರೆ. ಅಷ್ಟೊತ್ತಿಗೆ ಕೂಗು ಕಡಿಯದಂಗೆ ಆದ್ರೆ ಆಡಿಸ್ತೀನಿ, ಇಲ್ದಿದ್ರೆ ಲಿಸ್ಟಿಂದ ಹೆಸರು ತೆಗೀತೀನಿ ಅಂತ ನಮ್ ಆಟದ ಪಿಇಟಿ ಸಾರ್ ಹೇಳವ್ರೆ. ಮೂರು ತಿಂಗಳೈತೆ. ಆಯ್ತದಾ?"

ಪೂರ್ತಿ ಹೋಗುತ್ತದೆ ಎಂದು ನಾನು ಯಾವ ಮಗುವಿಗೂ ಮಾತು ಕೊಡುವುದಿಲ್ಲ. ಟಿಕ್ ಹೆಚ್ಚುತ್ತದೆ, ಇಳಿಯುತ್ತದೆ, ಮತ್ತೆ ಹೆಚ್ಚುತ್ತದೆ. ಅದನ್ನೇ ಹೇಳಿದೆ. ಜೊತೆಗೆ, ಪ್ರಯತ್ನ ಮಾಡೋಣ, ಕಷ್ಟಪಡ್ತೀಯಾ ಎಂದು ಕೇಳಿದೆ.

"ಹೂಂ" ಅಂದಳು. ತಕ್ಷಣ ಬೆರಳೆತ್ತಿ, "ಇದು ನಾನೇ ಮೇಡಂ" ಅಂದಳು.

ಚಿಕ್ಕಪ್ಪನ ಮದುವೆ

ಟಿಕ್ ಬಂದಾಗ ಮನೆಯವರು ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳುವುದು ನನ್ನ ಪದ್ಧತಿ. ಬೈಯುತ್ತಾರಾ, ಮುದ್ದು ಮಾಡುತ್ತಾರಾ, ನಗುತ್ತಾರಾ. ಒಂದು ದಿನ ಮನೆಯವರನ್ನೆಲ್ಲ ಫೋನಿನ ಮುಂದೆ ಕೂಡಿಸಿ, "ಇದರಿಂದ ಮನೆಯಲ್ಲಿ ಏನಾದ್ರೂ ತೊಂದರೆ ಆಗಿದೆಯಾ?" ಅಂದೆ.

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ಗೋಡೆ ನೋಡಿದ.

ನಡೆದದ್ದು ಇಷ್ಟು. ಚಿಕ್ಕಪ್ಪ ಮದುವೆ ಬೇಡ ಬೇಡ ಎಂದು ಐದು ವರ್ಷ ತಳ್ಳಿಕೊಂಡು ಬಂದಿದ್ದ. ಒಂದು ಮಧ್ಯಾಹ್ನ ಮದುವೆ ದಲ್ಲಾಳಿ ಫೋನ್ ಮಾಡಿದಾಗ ಮನೆಯಲ್ಲಿ ಇವಳೊಬ್ಬಳೇ.

"ಅಮ್ಮ ಅವ್ಳಾ?" ಹೂಂ. "ಸೋಮಂದೇಪಲ್ಲಿ ಹುಡುಗಿ ಫೋಟೋ ನೋಡಿದ್ರಾ?" ಹೂಂ. "ನಿಮ್ಮ ಚಿಕ್ಕಪ್ಪ ಒಪ್ಪವ್ನಾ?" ಹೂಂ. "ಗುರುವಾರ ಕರ್ಕೊಂಡ್ ಬರ್ಲಾ?" ಹೂಂ.

ಗುರುವಾರ ಹನ್ನೊಂದು ಜನ ಹೂವು ಹಣ್ಣು ತೆಗೆದುಕೊಂಡು ಬಂದಿಳಿದರು. ಚಿಕ್ಕಪ್ಪ ಹಿತ್ತಲಲ್ಲಿ ಹಳೇ ಲುಂಗಿ ಸುತ್ತಿಕೊಂಡು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಬಂದವರನ್ನು ವಾಪಸು ಕಳಿಸಿದರೆ ಮರ್ಯಾದೆಯಲ್ಲ ಎಂದು ಅಜ್ಜಿ ಅವನಿಗೆ ಷರ್ಟು ತೊಡಿಸಿ ಕೂಡಿಸಿದರು. ಎಣ್ಣೆ ತಲೆಯಲ್ಲೇ ಒಪ್ಪಿಗೆಯಾಯಿತು.

ನಾನು ಆದಷ್ಟು ಗಂಭೀರವಾಗಿ, "ಈಗ ಮನೆಯವರೆಲ್ಲ ಸಹಕಾರ ಕೊಟ್ಟರೆ ಹೂಂ ಬರುವುದನ್ನು ಕಡಿಮೆ ಮಾಡಬಹುದು" ಎಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಸ ಚಿಕ್ಕಮ್ಮ ಮೆಲ್ಲಗೆ ಕೈಯೆತ್ತಿದಳು.

"ಮೇಡಂ, ಒಂದೇ ಸಲ ಪೂರ್ತಿ ತೆಗೀಬ್ಯಾಡಿ. ಗೋರಂಟ್ಲದಲ್ಲಿ ನಮ್ ಅಕ್ಕನ ಮೈದುನ ಒಬ್ಬ ಒಪ್ಪದೇ ಕುಂತವ್ನೆ."

ಒಂದು ಬೆರಳು

ಈ ತಪ್ಪು ಪೂರ್ತಿ ನನ್ನದು. ಮೊದಲ ಪಾಠ ಏನೆಂದರೆ, ಟಿಕ್ ಬರುವ ಮುಂಚೆ ಆಗುವ ಆ "ಒಂಥರಾ" ಅನ್ನು ಗುರುತಿಸುವುದು. ಇವಳಿಗೆ ಅದು ಗಂಟಲಲ್ಲಿ ಇರುವೆ ಹರಿದ ಹಾಗಂತೆ. "ಹಾಗಾದ ತಕ್ಷಣ ಒಂದು ಬೆರಳು ಎತ್ತು, ದಿನಾ ಅಭ್ಯಾಸ ಮಾಡು" ಎಂದೆ. ನನ್ನ ಜೊತೆ ಕೂತಾಗ, ಮನೆಯಲ್ಲಿ, ಎಂದು ಹೇಳುವುದು ಬಿಟ್ಟುಹೋಯಿತು. ಯಾವ ಬೆರಳು ಎಂದೂ ಹೇಳಲಿಲ್ಲ.

ಹುಡುಗಿ ಹೇಳಿದ್ದನ್ನು ತಪ್ಪದೆ ಮಾಡುವವಳು. ಮಾರನೆಯ ದಿನ ತರಗತಿಯಲ್ಲೇ ಶುರು ಮಾಡಿದಳು. ಶಾಲೆಗೆ ಹೋಗುವ ಮಗುವಿಗೆ ಒಂದು ಬೆರಳು ಅಂದರೆ ಯಾವುದು? ಕಿರುಬೆರಳು. ಕಿರುಬೆರಳೆತ್ತಿದರೆ ಏನರ್ಥ ಎಂದು ನಮ್ಮ ನಾಡಿನಲ್ಲಿ ಶಾಲೆ ಮೆಟ್ಟಿಲು ಹತ್ತಿದ ಯಾರಿಗೂ ಹೇಳಬೇಕಾಗಿಲ್ಲ.

ಗಣಿತದ ಮೇಷ್ಟ್ರು "ಹೋಗು" ಅಂದರು. ಇವಳು "ಇಲ್ಲ ಸಾರ್" ಎನ್ನಲು ಬಾಯಿ ತೆರೆದಳು, ಬಂದದ್ದು ಹೂಂ. ಎದ್ದು ಹೋದಳು, ಬಂದಳು. ಐದು ನಿಮಿಷಕ್ಕೆ ಮತ್ತೆ ಬೆರಳು. ಮತ್ತೆ ಹೋಗು. ಮಧ್ಯಾಹ್ನದೊಳಗೆ ಹದಿನಾಲ್ಕು ಸಲ. ನೀರು ಜಾಸ್ತಿ ಕುಡಿತೀಯಾ ಎಂದು ಕೇಳಿದರೆ ಹೂಂ. ಉರಿ ಇದೆಯಾ ಎಂದರೆ ಹೂಂ. ಸಂಜೆ ಅಮ್ಮನಿಗೆ ಶಾಲೆಯಿಂದ ಕರೆ ಬಂತು. ಮಗುವಿಗೆ ಸಕ್ಕರೆ ಕಾಯಿಲೆ ಇರಬಹುದು, ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ ಎಂದು.

ನನಗೆ ಇದೆಲ್ಲ ಗೊತ್ತಾದದ್ದು ಎರಡು ದಿನದ ನಂತರ, ಫೋನಿಗೆ ಲ್ಯಾಬಿನ ರಿಪೋರ್ಟು ಬಂದಾಗ. ಕೆಳಗೆ ಅಮ್ಮನ ಮೆಸೇಜು ಇತ್ತು: "ಮೇಡಂ, ನೀವು ಹೇಳಿದ್ದು ಮಾಡಿದ್ಲು. ಯೂರಿನ್ ಎಲ್ಲಾ ನಾರ್ಮಲ್ ಅಂತೆ. ಹೂಂ ಮಾತ್ರ ಹಂಗೇ ಐತೆ."

ನಿಂತುಹೋದ ಪಾಠ

ಎರಡನೆಯ ಪಾಠ ಉಸಿರಿನದು. ಗಂಟಲಲ್ಲಿ ಇರುವೆ ಹರಿದ ತಕ್ಷಣ ತುಟಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದು ನಿಧಾನವಾಗಿ ಬಿಡುವುದು. ಇರುವೆ ಹೋಗುವವರೆಗೆ, ಸುಮಾರು ಒಂದು ನಿಮಿಷ. ಬಾಯಿ ಮುಚ್ಚಿ ಹೀಗೆ ಉಸಿರಾಡುತ್ತಿದ್ದರೆ ಹೂಂ ಹೊರಡಲು ದಾರಿ ಸಿಗುವುದಿಲ್ಲ.

ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು ಎಂದು ಅಂದು ಅಮ್ಮ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರನ್ನೂ ಕೂಡಿಸಿದ್ದೆ. "ನಾನು ಮಾಡಿದ ಹಾಗೇ ಮಾಡಬೇಕು. ನಾನು ನಿಲ್ಲಿಸುವವರೆಗೂ ನಿಲ್ಲಿಸಬಾರದು" ಎಂದು ಹೇಳಿ, ತುಟಿ ಮುಚ್ಚಿ, ಉಸಿರೆಳೆದೆ. ಆಗ ನನಗೆ ಸೀನು ಬರುವ ಹಾಗಾಯಿತು. ಮುಖ ಒಂದು ಕಡೆಗೆ ಸೊಟ್ಟಗಾಯಿತು, ಒಂದು ಕಣ್ಣು ಮುಚ್ಚಿತು, ಕುತ್ತಿಗೆ ಹಿಂದಕ್ಕೆ ಹೋಯಿತು. ಸರಿಯಾಗಿ ಆ ಕ್ಷಣಕ್ಕೆ ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ನೆಟ್ ಕಡಿಯಿತು.

ನಾನು ಇಲ್ಲಿ ಸೀನಿ, ಮೂಗು ಒರೆಸಿ, ಕೆಳಗೆ ಹೋಗಿ ಮಾಲೀಕರನ್ನು ವಿಚಾರಿಸಿ, ಮೊಬೈಲಿನ ನೆಟ್ ಹಾಕಿಕೊಂಡು ಮತ್ತೆ ಸೇರುವ ಹೊತ್ತಿಗೆ ಎಂಟು ಹತ್ತು ನಿಮಿಷವಾಗಿತ್ತು. ಪರದೆ ತೆರೆದು ನೋಡುತ್ತೇನೆ, ಐದೂ ಜನ ಸಾಲಾಗಿ ಕೂತಿದ್ದಾರೆ. ಐದೂ ಜನರ ಮುಖ ಸೊಟ್ಟ. ಐದೂ ಜನರದು ಒಂದು ಕಣ್ಣು ಮುಚ್ಚಿದೆ. ಕುತ್ತಿಗೆ ಹಿಂದಕ್ಕೆ ಹೋಗಿದೆ. ಯಾರೂ ಅಲುಗುತ್ತಿಲ್ಲ. ಅವರದೂ ನೆಟ್ ಹೋಗಿದೆಯೇನೋ ಎಂದುಕೊಂಡೆ, ಆದರೆ ಹಿಂದೆ ಫ್ಯಾನು ತಿರುಗುತ್ತಿತ್ತು.

"ಸಾಕು, ಸಾಕು, ಬಿಡಿ" ಅಂದೆ.

ಐವರೂ ಒಟ್ಟಿಗೆ ಉಸಿರು ಬಿಟ್ಟರು. ಅಜ್ಜಿ ಕುತ್ತಿಗೆ ಉಜ್ಜಿಕೊಳ್ಳುತ್ತಾ, "ಈ ವಯಸ್ಸಲ್ಲಿ ನೀನು ಅಷ್ಟೊತ್ತು ಅಲುಗದಂಗೆ ಎಂಗೆ ಕುಂತ್ಕಂಡಿದ್ದೆ ತಾಯಿ, ಕೈ ಮುಗಿಬೇಕು ಕಣಮ್ಮ ನಿನಗೆ" ಅಂದರು. ನನಗಿನ್ನೂ ನಲವತ್ತಾಗಿಲ್ಲ.

ಅಜ್ಜಿಯ ಕತೆ

ಎರಡು ತಿಂಗಳಾಗುವಷ್ಟರಲ್ಲಿ ಹೂಂ ಕಡಿಮೆಯಾಗತೊಡಗಿತು. ಅಮ್ಮನಿಗೆ ಸಂತೋಷ, ನನಗೆ ಸಂತೋಷ. ಅಜ್ಜಿಗೆ ಮಾತ್ರ ಮುಖ ಊದಿತ್ತು. ಒಂದು ದಿನ ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿ ಫೋನಿನ ಮುಂದೆ ತಾವೇ ಕೂತರು.

"ಏನಮ್ಮ ಇಂಗ್ ಮಾಡ್ಬುಟ್ಟೆ? ನನ್ ಕತೆ ಕೇಳೋರೇ ಇಲ್ದಂಗಾಯ್ತಲ್ಲ."

ಕತೆ ಹೇಳುವವರ ಎದುರು ಒಬ್ಬರು ಕೂತು ಹೂಂಗುಟ್ಟಬೇಕು, ಅದು ನಮ್ಮ ಕಡೆಯ ಕಾನೂನು. ಹೂಂ ನಿಂತರೆ ಕತೆ ನಿಂತಿತು. ಬೇರೆ ಮೊಮ್ಮಕ್ಕಳು ಎರಡು ಹೂಂ ಅಂದು ನಿದ್ದೆ ಹೋಗುತ್ತಿದ್ದರು, ಇಲ್ಲ ಮೊಬೈಲು ಹಿಡಿಯುತ್ತಿದ್ದರು. ಇವಳೊಬ್ಬಳೇ ಏಳು ಸಮುದ್ರ ದಾಟುವವರೆಗೂ ಬಿಡದೆ ಹೂಂಗುಟ್ಟಿದವಳು. ಅಜ್ಜಿಗೆ ಇವಳೆಂದರೆ ಪ್ರಾಣ. ಈಗ ರಾಕ್ಷಸ ಬಾಗಿಲಿಗೆ ಬಂದು ನಿಂತರೂ ಹುಡುಗಿ ತುಟಿ ಮುಚ್ಚಿ ಮೂಗಿನಲ್ಲಿ ಉಸಿರಾಡುತ್ತಾ ಕೂತಿರುತ್ತಾಳೆ.

ನಾನು ಸಮಾಧಾನ ಹೇಳಿದೆ. "ಅಜ್ಜಿ, ತಾನಾಗಿ ಬರುವ ಹೂಂ ಬೇರೆ, ಅವಳು ಬೇಕಂತ ಅನ್ನುವ ಹೂಂ ಬೇರೆ. ಕತೆಗೆ ಬೇಕಂತ ಹೂಂ ಅನ್ನಬಹುದು, ಅದಕ್ಕೇನೂ ಅಡ್ಡಿಯಿಲ್ಲ."

ಅಜ್ಜಿ ಸ್ವಲ್ಪ ಯೋಚಿಸಿದರು. ಆಮೇಲೆ ಅವರ ಮುಖ ಬಾಡಿತು. ಮೊಮ್ಮಗಳ ಕಡೆ ತಿರುಗಿದರು.

"ಅಂಗಾದ್ರೆ ಇಷ್ಟು ವರ್ಸ ನನ್ ಕತೆಗೆ ಹೂಂ ಅಂದಿದ್ದು ನೀನಾ, ಅದಾ?"

ಹುಡುಗಿ ನನ್ನ ಮುಖ ನೋಡಿದಳು. ಸುಳ್ಳಿ ಎಂದು ಹೆಸರು ಹೊತ್ತ ಆ ಮಗು ನಾನು ಕಂಡ ಮಕ್ಕಳಲ್ಲೆಲ್ಲ ಹೆಚ್ಚು ನಿಜ ಹೇಳುವವಳು.

"ರಾಜಕುಮಾರಿ ಕತೆಗೆ ನಾನು ಅಜ್ಜಿ. ನೀನು ನಿನ್ ಮದುವೆ ಕತೆ ಹೇಳ್ತೀಯಲ್ಲ, ಅದಕ್ಕೆ ಅದು."

ಮಹಡಿಯಲ್ಲಿ ಕಬಡ್ಡಿ

ಮನೆಯಲ್ಲಿ ಹೂಂ ಇಳಿಯಿತು, ತರಗತಿಯಲ್ಲಿ ಇಳಿಯಿತು, ಕಬಡ್ಡಿಯಲ್ಲಿ ಮಾತ್ರ ಇಳಿಯಲಿಲ್ಲ. ಕಾರಣ ಸುಲಭ. ಬಾಯಿ ಮುಚ್ಚಿ ಉಸಿರಾಡು ಎಂದು ನಾನು ಹೇಳಿದ್ದೆ. ಬಾಯಿ ಮುಚ್ಚಿಕೊಂಡು ಕಬಡ್ಡಿ ಕಬಡ್ಡಿ ಅನ್ನುವುದು ಹೇಗೆ? ಮೂರು ವಾರ ಉಳಿದಿತ್ತು. ಹುಡುಗಿ ಅಳಲಿಲ್ಲ, ಆದರೆ ಮಾತು ಕಡಿಮೆ ಮಾಡಿದಳು. ನನಗೆ ಊಟ ರುಚಿಸಲಿಲ್ಲ.

ಕೊನೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದೆವು. ಕೂಗನ್ನು ಗಂಟಲಿನಿಂದ ಎತ್ತದೆ, ಹೊಟ್ಟೆ ಬಿಗಿಹಿಡಿದು, ಕೆಳದನಿಯಲ್ಲಿ, ಒಂದೇ ಸಮನಾಗಿ ಉಸಿರು ಬಿಡುತ್ತಾ ಅನ್ನುವುದು. ಇರುವೆ ಹರಿದರೆ ಹೊಟ್ಟೆ ಇನ್ನಷ್ಟು ಬಿಗಿಹಿಡಿಯುವುದು. ಕೂತು ಮಾಡಿದರೆ ಸಾಲದು, ಓಡುತ್ತಾ ಮಾಡಬೇಕು. ನಾನು ಮಾಡಿ ತೋರಿಸದೆ ಅವಳಿಗೆ ಧೈರ್ಯ ಬರುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪನ್ನು ಕಿಟಕಿಗೆ ಇಟ್ಟು, ಸೀರೆ ಎತ್ತಿ ಕಟ್ಟಿ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಕಬಡ್ಡಿ ಕಬಡ್ಡಿ ಎಂದು ನುಗ್ಗಿದೆ. ಪರದೆಯಲ್ಲಿ ಅವಳೂ ನುಗ್ಗಿದಳು. ಅಲ್ಲಿ ಹೊಲಿಗೆ ಮಿಷನ್ನು ಎದುರಾಳಿ, ಇಲ್ಲಿ ನನ್ನ ಬೀರು.

ಎಂಟನೆಯ ಸಲ ನುಗ್ಗಿ ಬೀರುವನ್ನು ಮುಟ್ಟಿ ತಿರುಗಿದಾಗ ಬಾಗಿಲಲ್ಲಿ ಮನೆ ಮಾಲೀಕರು ನಿಂತಿದ್ದರು. ಅವರ ತಲೆ ಮೇಲೆಲ್ಲ ಸುಣ್ಣದ ಪುಡಿ. ಕೆಳಗೆ ಅವರ ಕೋಣೆಯ ಮಾಳಿಗೆಯಿಂದ ಉದುರಿದ್ದು. ನಾನು ಏದುಸಿರು ಬಿಡುತ್ತಾ ಸೀರೆ ಇಳಿಸಿದೆ. ಅವರು ನನ್ನನ್ನು ನೋಡಿದರು, ಲ್ಯಾಪ್‌ಟಾಪಿನಲ್ಲಿ ಇನ್ನೂ ನುಗ್ಗುತ್ತಿದ್ದ ಹುಡುಗಿಯನ್ನು ನೋಡಿದರು. ಸುಣ್ಣ ಒರೆಸಿಕೊಂಡು ಹತ್ತಿರ ಬಂದರು.

"ಮೇಡಂ, ಸ್ಪೋರ್ಟ್ಸ್ ಕೋಟಾನೂ ಐತೆ ಅಂತ ಅವತ್ತೇ ಹೇಳೋದಲ್ವಾ? ನಮ್ ಅಳಿಯನ್ನ ನಾಳಿಂದ ಕಳಿಸ್ತೀನಿ."

ಕೊನೆಯ ರೈಡು

ಪಂದ್ಯಕ್ಕೆ ಎರಡು ದಿನ ಮುಂಚೆ ಅವರ ಪಿಇಟಿ ಸಾರ್ ಹತ್ತು ಸಲ ನುಗ್ಗಿಸಿ ನೋಡಿದರಂತೆ. ಎರಡು ಸಲ ಮಾತ್ರ ಹೂಂ ಬಂತಂತೆ. ಹೆಸರು ತೆಗೆಯಲಿಲ್ಲ, ಆದರೆ ಬದಲಿ ಆಟಗಾರ್ತಿ ಎಂದು ಬರೆದುಕೊಂಡರು.

ಮೈದಾನ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅವಳನ್ನು ನಾನು ಎದುರೆದುರು ನೋಡಿದ್ದು ಅಂದೇ ಮೊದಲು. ಓಡಿಬಂದವಳು ನನ್ನೆದುರು ನಿಂತು, ಮೇಲಿನಿಂದ ಕೆಳಗೆ ನೋಡಿ, "ಮೇಡಂ, ನೀವು ಇಷ್ಟೇ ಇದ್ದೀರಾ?" ಅಂದಳು. ಪರದೆಯಲ್ಲಿ ಭುಜದವರೆಗೆ ನೋಡಿ ನಾನು ಎತ್ತರದವಳು ಎಂದುಕೊಂಡಿದ್ದಳಂತೆ. ಅಜ್ಜಿಯೂ ಬಂದಿದ್ದರು. ನಾವಿಬ್ಬರೂ ಗೆರೆಯ ಪಕ್ಕದಲ್ಲೇ ಕೂತೆವು.

ಮೊದಲ ಅರ್ಧದಲ್ಲಿ ಅವಳು ನೀರು ಹಂಚಿದಳು. ಎರಡನೆಯ ಅರ್ಧದಲ್ಲಿ ಒಬ್ಬ ಹುಡುಗಿಯ ಕಾಲು ಉಳುಕಿತು, ಸಾರ್ ಬೇರೆ ದಾರಿಯಿಲ್ಲದೆ ಇವಳನ್ನು ಇಳಿಸಿದರು. ಇಳಿದವಳು ಇಳಿದಂತೆಯೇ ಎರಡು ಪಾಯಿಂಟು ತಂದಳು. ಮೂರನೆಯ ಸಲ ಅಂಗಳದ ನಡುವೆ ಹೂಂ ಬಂತು, ಸೀಟಿ ಬಿತ್ತು, ಔಟು. ತಲೆ ತಗ್ಗಿಸಿ ಹೊರಗೆ ಹೋಗಿ ಕೂತಳು. ಆಮೇಲೆ ಅವಳ ಕಡೆಯವರು ಒಬ್ಬಳನ್ನು ಹಿಡಿದು ಕೆಡವಿದ್ದರಿಂದ ಮತ್ತೆ ಒಳಗೆ ಬಂದಳು. ಎರಡೂ ಕಡೆ ಸಮ ಸಮ, ಒಂದೇ ರೈಡು ಬಾಕಿ. ಸಾರ್ ಇವಳ ಮುಖ ನೋಡಿದರು, ಆಕಾಶ ನೋಡಿದರು, ಹೋಗು ಎಂದು ಕೈ ಮಾಡಿದರು.

ನುಗ್ಗಿದಳು. ಹೊಟ್ಟೆಯಿಂದ ಬರುತ್ತಿದ್ದ ಆ ಕೆಳದನಿಯ ಕೂಗು ನನಗೆ ಕೇಳುತ್ತಿತ್ತು. ನಾನೂ ಹೊಟ್ಟೆ ಬಿಗಿಹಿಡಿದೆ, ಪಕ್ಕದಲ್ಲಿ ಅಜ್ಜಿಯೂ ಬಿಗಿಹಿಡಿದಿದ್ದರು. ಕೂಗು ಕಡಿಯಲಿಲ್ಲ. ಮೂಲೆಯ ಹುಡುಗಿಯ ಕಡೆ ಕಾಲು ಚಾಚಿದಳು, ಧೂಳೆದ್ದಿತು, ತಿರುಗಿ ಓಡಿ ಗೆರೆ ದಾಟಿದಳು.

ಮುಟ್ಟಿದಳು ಎಂದು ಇವರು, ಇಲ್ಲ ಎಂದು ಅವರು. ಅಂಪೈರಿಗೆ ಧೂಳಿನಲ್ಲಿ ಕಾಣಲಿಲ್ಲ. ವಯಸ್ಸಾದ ತೆಲುಗು ಮೇಷ್ಟ್ರು ಅವರು, ಮಕ್ಕಳ ಬಾಯಿಂದಲೇ ನಿಜ ಕೇಳುವ ಹಳೇ ಪದ್ಧತಿ. ನೇರ ಇವಳ ಹತ್ತಿರ ಬಂದರು.

"ತಾಕಿನಾವಾ, ಲೇದಾ?" ಮುಟ್ಟಿದೆಯಾ, ಇಲ್ಲವಾ.

ಅವಳ ಪಿಇಟಿ ಸಾರ್ ತಲೆ ಮೇಲೆ ಕೈ ಹೊತ್ತರು. ಇವಳು ಹೂಂ ಅಂದರೆ ಶಾಲೆಯವರೇ ನಂಬುವುದಿಲ್ಲ ಎಂದು ಅವರಿಗೆ ಗೊತ್ತು. ಆದರೆ ಇವಳು ಏನೂ ಅನ್ನಲಿಲ್ಲ. ತುಟಿ ಮುಚ್ಚಿದಳು. ಮೂಗಿನಿಂದ ನಿಧಾನವಾಗಿ ಉಸಿರೆಳೆದಳು.

ಇರುವೆ ಹರಿದಿದೆ. ಇನ್ನು ಒಂದು ನಿಮಿಷ ಈ ಮಗು ಬಾಯಿ ಬಿಡುವುದಿಲ್ಲ. ಹಾಗೆ ಕಲಿಸಿದವಳು ನಾನೇ.

"ಅಡಿಗೇದಿ ನಿನ್ನೇ" ಎಂದರು ಅಂಪೈರು, ಕೇಳುತ್ತಿರುವುದು ನಿನ್ನನ್ನೇ ಎಂದು. ಅವಳು ನಿಧಾನವಾಗಿ ಉಸಿರು ಬಿಟ್ಟಳು. ಮತ್ತೆ ಎಳೆದಳು. ಎದುರಾಳಿ ಹುಡುಗಿಯರು ಆಗಲೇ ಕುಣಿಯಲು ಶುರು ಮಾಡಿದ್ದರು. ಅಂಪೈರು ಪಾಯಿಂಟು ಇಲ್ಲ ಎಂದು ಕೈ ಎತ್ತಲು ಹೊರಟರು.

ನಾನು ಎದ್ದು ಗೆರೆ ದಾಟಿಬಿಟ್ಟೆ. "ಹೂಂ ಅನ್ನೇ! ಹೂಂ ಅನ್ನಮ್ಮ! ಹೂಂ ಅಂದ್ಬಿಡು!" ಎಂದು ಕಿರುಚಿದೆ. ಮೂರು ತಿಂಗಳು ಆ ಒಂದು ಹೂಂ ಹೊರಡದ ಹಾಗೆ ಮಾಡಲು ಒದ್ದಾಡಿದ ಬಾಯಿ ಅದು. ಅಜ್ಜಿ ನನ್ನ ಸೆರಗು ಹಿಡಿದು ಎದ್ದು, "ದಿನಾ ಬೇಡದಿದ್ದಾಗ ಅಂತಿದ್ಯಲ್ಲೇ, ಈಗ ಅನ್ನೇ ಮುಂಡೇದೆ" ಎಂದು ಕೂಗಿದರು. ಮೈದಾನವೆಲ್ಲ ನಮ್ಮ ಕಡೆ ತಿರುಗಿತು.

ಅವಳೊಬ್ಬಳು ತಿರುಗಲಿಲ್ಲ. ಉಸಿರು ಪೂರ್ತಿ ಬಿಟ್ಟು ಮುಗಿಸಿ, ತುಟಿ ತೆರೆದು, ಸ್ಪಷ್ಟವಾಗಿ ಹೇಳಿದಳು. "ತಾಕಿನಾ ಸಾರ್. ಅವಳ ಎಡಗಾಲಿನ ಹೆಬ್ಬೆರಳು."

ಅಂಪೈರು ಮೂಲೆಯ ಹುಡುಗಿಯ ಕಡೆ ನೋಡಿದರು. ಅವಳು ತನ್ನ ಎಡಗಾಲು ನೋಡಿಕೊಂಡಳು. "ಔನು ಸಾರ್" ಅಂದಳು. ಸೀಟಿ ಬಿತ್ತು, ಪಾಯಿಂಟು ಬಂತು, ಗೆದ್ದರು.

ಅವಳ ಗೆಳತಿಯರು ಎತ್ತಿ ಕುಣಿಸಿ ಇಳಿಸಿದ ಮೇಲೆ ನನ್ನ ಹತ್ತಿರ ಬಂದಳು. ನಾನು ಅಳುತ್ತಿದ್ದೆ, ಮುಚ್ಚಿಟ್ಟುಕೊಳ್ಳುವುದೇನು. "ಅಲ್ವೇ, ಒಂದು ಹೂಂ ಅಂದಿದ್ರೆ ಆಗ್ತಿರಲಿಲ್ವಾ? ಜೀವ ಹೋಗಿತ್ತಲ್ಲೇ ನನಗೆ" ಅಂದೆ.

"ಆಗ ಹೂಂ ಅಂದಿದ್ರೆ ಅದು ಅಂದಂಗಾಗ್ತಿತ್ತು ಮೇಡಂ" ಅಂದಳು. "ಮುಟ್ಟಿದ್ದು ನಾನು. ಅದಕ್ಕೆ ನಾನೇ ಹೇಳ್ದೆ."

ನಾನು ಅವಳನ್ನು ತಬ್ಬಿಕೊಂಡೆ. ಅಷ್ಟರಲ್ಲಿ ಅಂಪೈರು ಪುಸ್ತಕ ಹಿಡಿದು ನನ್ನ ಮುಂದೆ ಬಂದು ನಿಂತರು. ಗೆರೆ ದಾಟಿ ಬಂದು ಆಟಗಾರ್ತಿಗೆ ಹೇಳಿಕೊಟ್ಟಿದ್ದೀರಿ, ಇದು ತಪ್ಪು, ನೀವು ಈ ಮಗುವಿಗೆ ಏನಾಗಬೇಕು ಎಂದು ತೆಲುಗಿನಲ್ಲಿ ಗದರಿದರು. ನಾನು ಏನಾದರೂ ಹೇಳುವ ಮೊದಲೇ ಅಜ್ಜಿ ಮುಂದೆ ಬಂದರು.

"ಬ್ಯಾಡ ಸಾಮಿ, ಬೈಬ್ಯಾಡಿ. ನಮ್ ಹುಡುಗಿಗೆ ಹೂಂ ಅನ್ನೋದನ್ನ ಬಿಡಿಸೋಕೆ ಅಂತ ಇಟ್ಟಿರೋ ಮೇಡಂ ಈಯಮ್ಮ."

ಅಂಪೈರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಡೀ ಮೈದಾನಕ್ಕೆ ಕೇಳುವ ಹಾಗೆ ಹೂಂ ಅನ್ನು ಹೂಂ ಅನ್ನು ಎಂದು ಕಿರುಚಿದ ಹೆಂಗಸು ಇವಳೇನಾ ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಕನ್ನಡದಲ್ಲೇ ಕೇಳಿದರು. "ಬಿಡಿಸೋದಾ? ನೀವಾ?"

ಏನಾದರೂ ದೊಡ್ಡ ಮಾತಿನಲ್ಲಿ ವಿವರಿಸಬೇಕೆಂದು ನಾನು ಬಾಯಿ ತೆರೆದೆ. ಹೊರಟದ್ದು ಒಂದೇ.

"ಹೂಂ."